ಮನೆಯ ನುಡಿಯಿಂದ ಶಾಲೆಯ ನುಡಿಗೆ: ಪಂಜೆ ಮಂಗೇಶರಾಯರ ಶಿಕ್ಷಕ ಜೀವನ

ಹೊಸಗನ್ನಡ ಸಾಹಿತ್ಯದ ಅರುಣೋದಯ ಕಾಲದ ಲೇಖಕರಲ್ಲಿ ಪಂಜೆ ಮಂಗೇಶರಾಯರದು (1874–1937) ಅಗ್ರಗಣ್ಯವಾದ ಹೆಸರು. ಶಿಶುಸಾಹಿತ್ಯಕ್ಕೆ ಘನತೆ ತಂದುಕೊಟ್ಟವರೆಂದು, ಸಣ್ಣಕಥೆಯ ಆದ್ಯ ಲೇಖಕರಲ್ಲೊಬ್ಬರೆಂದು, ಲಘು ಹಾಸ್ಯದ ಗದ್ಯವನ್ನು ರೂಢಿಸಿದವರೆಂದು ಸಾಹಿತ್ಯ ಚರಿತ್ರೆಗಳು ಅವರನ್ನು ಗುರುತಿಸಿವೆ. ಈ ಬರವಣಿಗೆಯ ಬಹುಭಾಗ ಸರ್ಕಾರಿ ಶಿಕ್ಷಣ ಇಲಾಖೆಯ ಸೇವೆಯ ನಡುವೆ, ಶಾಲೆಯ ಮಕ್ಕಳನ್ನು ಕಣ್ಣೆದುರಿಗಿಟ್ಟುಕೊಂಡು ಮೂಡಿಬಂದದ್ದು ಎಂಬ ಸಂಗತಿಯೂ ಅಪರಿಚಿತವಲ್ಲ. ಆದರೆ ಆ ಮಕ್ಕಳಲ್ಲಿ ಬಹುಮಂದಿಗೆ ಕನ್ನಡ ಮನೆಮಾತಾಗಿರಲಿಲ್ಲ ಎಂಬ ಅಂಶಕ್ಕೆ ವಿಮರ್ಶೆಯಲ್ಲಿ ತಕ್ಕ ಗಮನ ದೊರೆತಿಲ್ಲ. ತುಳು, ಕೊಂಕಣಿ, ಬ್ಯಾರಿ, ಮಲೆಯಾಳ, ಕೊಡವ ಭಾಷೆಗಳನ್ನಾಡುವ ಮನೆಗಳಿಂದ ಬಂದು, ಶಾಲೆಯ ಹೊಸ್ತಿಲಲ್ಲಿ ಮೊದಲ ಬಾರಿಗೆ ಗ್ರಂಥಸ್ಥ ಕನ್ನಡವನ್ನು ಎದುರುಗೊಳ್ಳುತ್ತಿದ್ದ ಮಕ್ಕಳು ಅವರು. ಅವರಿಗಾಗಿ ಬರೆದ ಪಂಜೆಯವರ ಮನೆಮಾತೂ ಕನ್ನಡವಾಗಿರಲಿಲ್ಲ. ಈ ನೆಲೆಯಿಂದ ನೋಡಿದಾಗ ಪಂಜೆಯವರ ಹಾಡು, ಕಥೆ, ಪಠ್ಯಪುಸ್ತಕಗಳೆಲ್ಲವೂ ಒಂದೇ ಪ್ರಶ್ನೆಗೆ ನೀಡಿದ ಉತ್ತರಗಳಾಗಿ ತೋರುತ್ತವೆ. ಮನೆಯ ನುಡಿಯನ್ನು ಕೀಳುಗಳೆಯದೆ ಶಾಲೆಯ ನುಡಿಯನ್ನು ಮಗುವಿನ ಸ್ವಂತ ಸೊತ್ತಾಗಿಸುವುದು ಹೇಗೆ ಎಂಬುದೇ ಆ ಪ್ರಶ್ನೆ.

ಮಂಗೇಶರಾಯರು ಜನಿಸಿದ್ದು 1874ರ ಫೆಬ್ರವರಿ 22ರಂದು, ದಕ್ಷಿಣ ಕನ್ನಡ ಜಿಲ್ಲೆಯ ಬಂಟವಾಳದಲ್ಲಿ. ನೇತ್ರಾವತಿಯ ದಡದ ಈ ಊರು ಅಂದು ಘಟ್ಟಕ್ಕೂ ಕಡಲಿಗೂ ನಡುವಣ ವ್ಯಾಪಾರದ ಪೇಟೆ. ಅವರದು ಕೊಂಕಣಿಯನ್ನಾಡುವ ಸಾರಸ್ವತ ಮನೆತನ. ಒಳಮನೆಯಲ್ಲಿ ಕೊಂಕಣಿ, ಅಂಗಳ ದಾಟಿದರೆ ತುಳು, ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಕನ್ನಡ, ಮೇಲಿನ ತರಗತಿಗಳಲ್ಲಿ ಇಂಗ್ಲಿಷ್: ಕರಾವಳಿಯ ಬಾಲಕನೊಬ್ಬ ದಿನವೊಂದರಲ್ಲಿ ಮೂರು ನಾಲ್ಕು ಭಾಷೆಗಳ ಎಲ್ಲೆಗಳನ್ನು ದಾಟುವುದು ಅಲ್ಲಿನ ಜೀವನದ ಸಹಜ ಕ್ರಮವಾಗಿತ್ತು. ವಿದ್ಯಾಭ್ಯಾಸ ಬಂಟವಾಳದಲ್ಲಿ ಆರಂಭವಾಗಿ ಮಂಗಳೂರಿನಲ್ಲಿ ಮುಂದುವರಿಯಿತು. 1894ರಲ್ಲಿ ಬೆನಗಲ್ ರಾಮರಾಯರ ಸೋದರಿ ಭವಾನಿಬಾಯಿಯವರೊಡನೆ ವಿವಾಹವಾಯಿತು. ರಾಮರಾಯರ ಸಂಬಂಧವು ಸಾಹಿತ್ಯ ಸ್ನೇಹವೂ ಆಗಿ ಪರಿಣಮಿಸಿತು. ಅವರು ಹೊರಡಿಸಿದ ಸುವಾಸಿನಿ ಮಾಸಪತ್ರಿಕೆಯಲ್ಲಿ 1900ರ ಸುಮಾರಿಗೆ ಪಂಜೆಯವರ ಕಥೆಗಳೂ ಕವನಗಳೂ ಪ್ರಕಟವಾಗತೊಡಗಿದವು.

ಆ ಕಾಲದ ದಕ್ಷಿಣ ಕನ್ನಡದ ಭಾಷಾಪರಿಸ್ಥಿತಿಯನ್ನು ಇಲ್ಲಿ ತುಸು ವಿವರವಾಗಿ ಪರಿಶೀಲಿಸುವುದು ಉಚಿತ. ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿತ್ತು. ಆಡಳಿತದ ಮೇಲ್ಮಟ್ಟದಲ್ಲಿ ಇಂಗ್ಲಿಷ್, ಪ್ರಾಂತದ ರಾಜಧಾನಿಯಲ್ಲಿ ತಮಿಳು ಮತ್ತು ತೆಲುಗುಗಳ ಪ್ರಾಬಲ್ಯ, ಜಿಲ್ಲೆಯ ಶಾಲೆ ಮತ್ತು ನ್ಯಾಯಾಲಯಗಳಲ್ಲಿ ಕನ್ನಡ. ಉತ್ತರದ ಕುಂದಾಪುರದ ಕಡೆಯವರಿಗೆ ಕನ್ನಡವೇ ಮನೆಮಾತಾದರೂ ಅದು ಪುಸ್ತಕದ ಕನ್ನಡಕ್ಕಿಂತ ಭಿನ್ನವಾದುದು. ಹವ್ಯಕರ ಕನ್ನಡವೂ ಹಾಗೆಯೇ. ಮಂಗಳೂರು, ಬಂಟವಾಳ, ಪುತ್ತೂರುಗಳಲ್ಲಿ ತುಳುವೇ ಜನಸಾಮಾನ್ಯರ ಭಾಷೆ. ದಕ್ಷಿಣದ ಕಾಸರಗೋಡಿನಲ್ಲಿ ಮಲೆಯಾಳ, ತುಳು, ಕನ್ನಡಗಳು ಬೆರೆತಿದ್ದವು. ಬಾಸೆಲ್ ಮಿಷನ್ನಿನವರು ತುಳುವಿನಲ್ಲಿ ಪುಸ್ತಕಗಳನ್ನು ಅಚ್ಚು ಹಾಕಿಸಿದ್ದರು. ಮೆನ್ನರ್ ಅವರ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿಯೇ ಹೊರಬಂದಿತ್ತು. ಆದರೂ ಸರ್ಕಾರಿ ಶಾಲೆಯ ಭಾಷೆಯಾಗಿ ನಿಂತದ್ದು ಕನ್ನಡವೇ.

ಹೀಗೆ ಶಾಲೆಯಲ್ಲಿ ಕಲಿತ ಕನ್ನಡವು ಪರಭಾಷೆಯಾಗಿ ಉಳಿಯದಂತೆ ಕಾಪಾಡಿದ ಒಂದು ಶಕ್ತಿ ಕರಾವಳಿಯ ಸಂಸ್ಕೃತಿಯಲ್ಲಿಯೇ ಇತ್ತು. ಅದು ಯಕ್ಷಗಾನ. ಅಕ್ಷರಜ್ಞಾನವಿಲ್ಲದ ತುಳುವ ಪ್ರೇಕ್ಷಕನೂ ರಾತ್ರಿಯಿಡೀ ಕನ್ನಡದ ಪದ್ಯ ಮತ್ತು ಅರ್ಥಗಾರಿಕೆಯನ್ನು ಕೇಳಿ ನಲಿಯುತ್ತಿದ್ದನು. ತಾಳವು ಮಾತನ್ನು ಹಿಡಿದು ನಿಲ್ಲಿಸುತ್ತಿತ್ತು, ಕುಣಿತವು ಅರ್ಥವನ್ನು ತೋರುತ್ತಿತ್ತು, ಪಾತ್ರಗಳ ಪ್ರಶ್ನೋತ್ತರವು ವಾಕ್ಯರಚನೆಯನ್ನು ಮತ್ತೆ ಮತ್ತೆ ಕಿವಿಗೆ ಹಾಕುತ್ತಿತ್ತು. ಮನೆಯಲ್ಲಿ ಆಡದ ಭಾಷೆಯೊಂದನ್ನು ಜನರು ಹೀಗೆ ಆಟದ ಮೂಲಕ ತಮ್ಮದಾಗಿಸಿಕೊಂಡಿದ್ದರು. ರಂಗಸ್ಥಳವು ಸಾಧಿಸಿದ್ದನ್ನು ತರಗತಿಯು ಸಾಧಿಸಿರಲಿಲ್ಲ.

1896ರಲ್ಲಿ ಮಂಗೇಶರಾಯರು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಸೇರಿದರು. ವಯಸ್ಸು ಇಪ್ಪತ್ತೆರಡು. ಪಂಡಿತನೆಂದರೆ ಸಂಸ್ಕೃತಭೂಯಿಷ್ಠವಾದ ಶೈಲಿ, ಅನ್ವಯ, ಪ್ರತಿಪದಾರ್ಥ, ಕಂಠಪಾಠಗಳೇ ಪಾಠಕ್ರಮವೆಂದು ಭಾವಿಸಿದ್ದ ಕಾಲ ಅದು. ಇಂಗ್ಲಿಷ್ ಸಾಹಿತ್ಯದ ಪರಿಚಯವೂ ಹಳಗನ್ನಡದ ವ್ಯಾಸಂಗವೂ ಕೂಡಿದ್ದ ಈ ತರುಣ ಪಂಡಿತರ ಬೋಧನೆಯಲ್ಲಿ ವಿದ್ಯಾರ್ಥಿಗಳು ಬೇರೊಂದು ಬಗೆಯನ್ನು ಕಂಡರು. ಮಂಜೇಶ್ವರದ ಗೋವಿಂದ ಪೈಗಳು ಅವರ ಶಿಷ್ಯರಲ್ಲೊಬ್ಬರು. ಮನೆಯಲ್ಲಿ ಕೊಂಕಣಿಯನ್ನಾಡುತ್ತಿದ್ದ ಈ ಗುರುಶಿಷ್ಯರು ಕನ್ನಡ ಕಾವ್ಯದ ಎರಡು ಭಿನ್ನ ದಾರಿಗಳಿಗೆ ಆದ್ಯರಾದದ್ದು ಗಮನಾರ್ಹ. ಶಿಷ್ಯರು ಪಾಂಡಿತ್ಯದ ಶಿಖರದತ್ತ ನಡೆದರೆ, ಗುರುಗಳು ಒಂದನೆಯ ತರಗತಿಯ ಮಗುವಿನತ್ತ ಬಾಗಿದರು.

ಶಿಕ್ಷಣ ಇಲಾಖೆಯಲ್ಲಿ ಶಾಲೆಗಳ ಇನ್ಸ್‌ಪೆಕ್ಟರ್ ಹುದ್ದೆಗೆ ಬಂದದ್ದು ಅವರ ಜೀವನದ ಮುಖ್ಯ ತಿರುವು. ಕಾಲೇಜಿನ ನಾಲ್ಕು ಗೋಡೆಗಳನ್ನು ಬಿಟ್ಟು, ಹೊಳೆ ತೋಡುಗಳನ್ನು ದಾಟಿ, ಹಳ್ಳಿಹಳ್ಳಿಯ ಶಾಲೆಗಳನ್ನು ಕಾಣುವ ಅವಕಾಶ ಇದರಿಂದ ಒದಗಿತು. ಪರೀಕ್ಷೆಯ ಫಲಿತಾಂಶವನ್ನು ನೋಡಿ ಅನುದಾನ ನೀಡುವ ಪದ್ಧತಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸು ಪ್ರಾಂತದಲ್ಲಿ ಬಳಕೆಯಲ್ಲಿತ್ತು. ಆ ಪದ್ಧತಿಯಲ್ಲಿ ಇನ್ಸ್‌ಪೆಕ್ಟರನ ಒಂದು ಭೇಟಿಯ ಮೇಲೆ ಶಾಲೆಯ ಅಳಿವು ಉಳಿವು ನಿಂತಿತ್ತು. ಅದರ ಫಲವಾಗಿ ಉಪಾಧ್ಯಾಯರು ಮಕ್ಕಳಿಗೆ ಪಾಠಗಳನ್ನು ಉರುಹೊಡೆಸುತ್ತಿದ್ದರು. ಭಾಷೆ ತಿಳಿಯದ ಮಗುವೂ ಪಾಠವನ್ನು ಒಪ್ಪಿಸಬಲ್ಲದು. ಅರ್ಥವಾಗದಿದ್ದರೂ ಪರೀಕ್ಷೆಯಲ್ಲಿ ತೇರ್ಗಡೆಯಾಗಬಲ್ಲದು. ಮನೆಮಾತು ಬೇರೆಯಾದ ಮಕ್ಕಳಿಗೆ ಈ ವ್ಯವಸ್ಥೆಯಿಂದಾದ ಹಾನಿ ಹೆಚ್ಚಿನದು, ಏಕೆಂದರೆ ಅವರ ಅಜ್ಞಾನವನ್ನು ಕಂಠಪಾಠವು ಚೆನ್ನಾಗಿ ಮರೆಮಾಡುತ್ತಿತ್ತು.

ಪಂಜೆಯವರನ್ನು ಕುರಿತ ಸ್ಮರಣೆಗಳಲ್ಲಿ ಮತ್ತೆ ಮತ್ತೆ ಬರುವ ಚಿತ್ರವೆಂದರೆ ಮಕ್ಕಳೊಡನೆ ಹಾಡುವ, ಅಭಿನಯಿಸುವ, ಕಥೆ ಹೇಳುವ ಅಧಿಕಾರಿಯದು. ಇನ್ಸ್‌ಪೆಕ್ಟರ್ ಬರುವನೆಂದರೆ ನಡುಗುತ್ತಿದ್ದ ಶಾಲೆಗಳು ಈ ಇನ್ಸ್‌ಪೆಕ್ಟರ ಬರವಿಗಾಗಿ ಕಾಯುತ್ತಿದ್ದವೆಂಬುದು ಹಿರಿಯ ತಲೆಮಾರಿನವರ ನೆನಪು. ಇದನ್ನು ಅವರ ಸ್ವಭಾವದ ಸರಸತೆಯೆಂದಷ್ಟೇ ವಿವರಿಸಿದರೆ ಸಾಲದು. ಭಾಷೆಯು ಕಣ್ಣಿಗಿಂತ ಮೊದಲು ಕಿವಿಗೆ, ಕಿವಿಯೊಡನೆ ಕೈಕಾಲುಗಳಿಗೆ ತಲುಪಬೇಕೆಂಬ ಬೋಧನಕ್ರಮದ ತಿಳಿವು ಅದರ ಹಿಂದಿತ್ತು. ಯಕ್ಷಗಾನದ ರಂಗಸ್ಥಳವು ಬಲ್ಲ ಗುಟ್ಟನ್ನು ಅವರು ಶಾಲೆಯೊಳಕ್ಕೆ ತಂದರೆನ್ನಬಹುದು.

ಅವರ ಶಿಶುಗೀತೆಗಳ ರಚನೆಯನ್ನು ಪರಿಶೀಲಿಸಿದರೆ ಈ ಮಾತಿಗೆ ಆಧಾರ ದೊರೆಯುತ್ತದೆ. ಹಾವಿನ ಹಾಡಿನಲ್ಲಿ ಮಗುವು ಹಾವನ್ನೇ ಸಂಬೋಧಿಸಿ ಮಾತನಾಡುತ್ತದೆ. ಕೈಯನ್ನು ಹೆಡೆಯಾಗಿಸಿ, ಕೈ ಮುಗಿದು, ಹೆದರಿ ಹಿಂದೆ ಸರಿದು ಹಾಡಲು ಬರುವಂತೆ ಅದರ ಪ್ರತಿ ನುಡಿಯಲ್ಲಿಯೂ ಒಂದು ಕ್ರಿಯೆಯಿದೆ. ಬಾ, ಹೋಗು, ಕೊಡು, ನೋಡು ಎಂಬಂಥ ಮೊದಲ ಕ್ರಿಯಾಪದಗಳು ಅಭಿನಯದೊಡನೆ ಬಂದಾಗ ಅವುಗಳಿಗೆ ಅರ್ಥ ಹೇಳಬೇಕಾದ ಅಗತ್ಯವೇ ಬೀಳುವುದಿಲ್ಲ. ತೆಂಕಣ ಗಾಳಿಯಾಟದಲ್ಲಿ ಅನುಕರಣ ಶಬ್ದಗಳೇ ಪದ್ಯವನ್ನು ಮುನ್ನಡೆಸುತ್ತವೆ. ಕಡಲಿನಿಂದೆದ್ದು ಬರುವ ಗಾಳಿಯ ಸದ್ದು ತುಳು ಬಲ್ಲ ಮಗುವಿಗೂ ಕೊಂಕಣಿ ಬಲ್ಲ ಮಗುವಿಗೂ ಒಂದೇ. ಎಲ್ಲರಿಗೂ ಸಮಾನವಾದ ಸದ್ದಿನಿಂದ ಹೊರಟು, ಕೆಲವರಿಗೆ ಅಪರಿಚಿತವಾದ ಶಬ್ದಕ್ಕೆ ಕರೆದೊಯ್ಯುವ ಈ ಕ್ರಮವು ಶಿಕ್ಷಕನೊಬ್ಬನ ಉಪಾಯವೂ ಕವಿಯೊಬ್ಬನ ಉಪಾಯವೂ ಆಗಿದೆ.

ಗದ್ಯ ಕಥೆಗಳಲ್ಲಿಯೂ ಇದೇ ಎಚ್ಚರವನ್ನು ಕಾಣಬಹುದು. ಸಿಗಡಿ ಯಾಕೆ ಒಣಗಲಿಲ್ಲ ಎಂಬುದು ಕರಾವಳಿಯ ಮೀನುಗಾರರ ಬದುಕಿನಿಂದ ಆಯ್ದ ವಸ್ತು. ಸಿಗಡಿಯನ್ನು ಕೇಳಿದ ಪ್ರಶ್ನೆ ಹುಲ್ಲಿಗೆ, ಹುಲ್ಲಿನಿಂದ ದನಕ್ಕೆ, ಹೀಗೆ ಸಾಗಿ ಕೊನೆಗೆ ಇರುವೆಯವರೆಗೆ ಹಬ್ಬುತ್ತದೆ. ವಾಕ್ಯದ ಅಚ್ಚು ಒಂದೇ. ಪ್ರತಿ ಸುತ್ತಿನಲ್ಲಿ ಬದಲಾಗುವುದು ನಾಮಪದವೊಂದು, ಕ್ರಿಯಾಪದವೊಂದು. ನಿಷೇಧ ರೂಪ, ಕಾರಣ ಕೇಳುವ ವಾಕ್ಯ, ಚತುರ್ಥೀ ಮತ್ತು ದ್ವಿತೀಯಾ ವಿಭಕ್ತಿಗಳ ಬಳಕೆ ಇವೆಲ್ಲವೂ ಸೂತ್ರದ ಹಂಗಿಲ್ಲದೆ ಮಗುವಿನ ಬಾಯಲ್ಲಿ ಕುಳಿತುಕೊಳ್ಳುತ್ತವೆ. ಹೇನು ಸತ್ತು ಕಾಗೆ ಬಡವಾಯಿತು ಎಂಬುದೂ ಇಂಥದೇ ಸರಪಳಿ ಕಥೆ. ಎರಡನೆಯ ಭಾಷೆಯನ್ನು ಕಲಿಸುವವರು ಮುಂದಿನ ದಶಕಗಳಲ್ಲಿ ವಾಕ್ಯಮಾದರಿಗಳ ಅಭ್ಯಾಸವೆಂದು ಶಾಸ್ತ್ರೀಯವಾಗಿ ಪ್ರತಿಪಾದಿಸಿದ ವಿಧಾನವು ಈ ಅಜ್ಜಿಕಥೆಗಳಲ್ಲಿ ಆಗಲೇ ಅಡಗಿತ್ತು. ಪಂಜೆಯವರು ಅದನ್ನು ಗುರುತಿಸಿ ಶಾಲೆಗೆ ಒಗ್ಗಿಸಿದರು. ಮೂರು ಕರಡಿಗಳಂಥ ಪಾಶ್ಚಾತ್ಯ ಕಥೆಗಳನ್ನು ತಂದಾಗಲೂ ಅವು ಹೊರಗಿನಿಂದ ಬಂದವೆಂಬ ಸುಳಿವು ಉಳಿಯದಂತೆ ಕರಾವಳಿಯ ವಾತಾವರಣದಲ್ಲಿ ನೆಲೆಗೊಳಿಸಿದರು.

ಈ ಸರಳತೆಯು ಪಾಂಡಿತ್ಯದ ಅಭಾವದಿಂದ ಬಂದುದಲ್ಲ. ಕೇಶಿರಾಜನ ಶಬ್ದಮಣಿದರ್ಪಣವನ್ನು ಪರಿಷ್ಕರಿಸಿ ಮುದ್ರಣಕ್ಕೆ ಸಿದ್ಧಪಡಿಸಿದ ವಿದ್ವಾಂಸರು ಪಂಜೆಯವರು. ಹಳಗನ್ನಡದ ವ್ಯಾಕರಣವನ್ನು ಬಲ್ಲವನಿಗೆ ತುಳುವ ಮಗುವಿನ ಮಾತು ಅಶುದ್ಧವೆಂದು ತೋರಲಾರದು. ಹೊಸಗನ್ನಡದ ಹುಲಿ ತುಳುವಿನಲ್ಲಿ ಪಿಲಿ, ಹಳಗನ್ನಡದಲ್ಲಿ ಪುಲಿ. ಇಂದಿನ ಹೂ ತುಳುವಿನಲ್ಲಿಯೂ ಹಳಗನ್ನಡದಲ್ಲಿಯೂ ಪೂ. ಕನ್ನಡವು ಮಧ್ಯಯುಗದಲ್ಲಿ ಕಳೆದುಕೊಂಡ ಪಕಾರವನ್ನು ತುಳು, ಕೊಡವ ಭಾಷೆಗಳು ಉಳಿಸಿಕೊಂಡಿವೆ. ಶಾಲೆಯ ಬೆಂಚಿನ ಮೇಲೆ ಕುಳಿತು ಹಕಾರಕ್ಕೆ ಬದಲಾಗಿ ಪಕಾರವನ್ನಾಡಿದ ಮಗು ತಪ್ಪು ಮಾಡಿತೆನ್ನುವ ಉಪಾಧ್ಯಾಯನಿಗೆ ಭಾಷೆಯ ಚರಿತ್ರೆ ತಿಳಿಯದೆಂದೇ ಹೇಳಬೇಕು. ಇನ್ನು ಕೊಂಕಣಿಯಲ್ಲಿ ಅಚೇತನ ವಸ್ತುಗಳಿಗೂ ಪುಂಸ್ತ್ರೀಲಿಂಗ ಭೇದವುಂಟು. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಕೊಂಕಣಿಯ ಮಗು ಕನ್ನಡದಲ್ಲಿ ಎಡವುವುದು ಎಲ್ಲಿ, ಏಕೆ ಎಂಬುದು ತಾನೇ ಆ ದಾರಿಯಲ್ಲಿ ನಡೆದುಬಂದ ಪಂಜೆಯವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ. ಅವರ ಮಕ್ಕಳ ಪದ್ಯಗಳಲ್ಲಿ ಮಹಾಪ್ರಾಣಗಳ ಹೊರೆ ಕಡಿಮೆ, ದೀರ್ಘ ಸಮಾಸಗಳು ವಿರಳ, ದೇಸಿ ಶಬ್ದಗಳು ಹೇರಳ. ದ್ರಾವಿಡ ಭಾಷೆಗಳಿಗೆಲ್ಲ ಸಮಾನವಾದ ಶಬ್ದಸಂಪತ್ತಿನ ನೆಲದ ಮೇಲೆ ನಿಂತು ಅವರು ಕನ್ನಡವನ್ನು ಕಲಿಸಿದರು.

ಪಠ್ಯಪುಸ್ತಕಗಳ ರಚನೆಯಲ್ಲಿಯೂ ಅವರ ಶ್ರಮ ದೊಡ್ಡದು. ಅವರು ಸಿದ್ಧಪಡಿಸಿದ ಕನ್ನಡ ಪದ್ಯಪುಸ್ತಕಗಳು ಎರಡನೆಯ ದಶಕದಿಂದ ಶಾಲೆಗಳಲ್ಲಿ ಬಳಕೆಗೆ ಬಂದವು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವು ಸ್ಥಾಪಿತವಾದಾಗ ಅದರ ಹಿಂದಿನ ಪ್ರೇರಣೆ ಪಂಜೆಯವರದು. ತನ್ನೊಬ್ಬನ ಲೇಖನಿಯಿಂದ ಆಗದ ಕೆಲಸವನ್ನು ಸಮಾನಮನಸ್ಕ ಉಪಾಧ್ಯಾಯರ ಕೂಟವೊಂದು ಮಾಡಬಲ್ಲುದೆಂಬ ವಿಶ್ವಾಸ ಅದರಲ್ಲಿ ಕಾಣುತ್ತದೆ. ತಮ್ಮ ಹೆಸರನ್ನು ಮುಂದೊಡ್ಡದೆ ಕವಿಶಿಷ್ಯ ಎಂಬ ಕಾವ್ಯನಾಮದಿಂದ ಬರೆದವರ ಮನೋಧರ್ಮಕ್ಕೆ ಇದು ಒಪ್ಪುವಂತಿದೆ.

ಸೇವೆಯ ನಿಮಿತ್ತ ಅವರು ಕೊಡಗಿಗೆ ಹೋಗಿ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಕೊಡಗು ಆಗ ಚೀಫ್ ಕಮಿಷನರರ ಆಡಳಿತಕ್ಕೆ ಒಳಪಟ್ಟ ಪ್ರತ್ಯೇಕ ಪ್ರಾಂತ. ಅಲ್ಲಿಯೂ ಶಾಲೆಯ ದೇಶಭಾಷೆ ಕನ್ನಡ, ಕೊಡವರ ಮನೆಮಾತು ಕೊಡವ. ಹೊರಗಿನಿಂದ ಬಂದ ಮುಖ್ಯೋಪಾಧ್ಯಾಯರು ಆ ನಾಡಿನ ಮಕ್ಕಳಿಗೆ ಯಾವ ಹಾಡನ್ನು ಕೊಡಬೇಕೆಂಬ ಪ್ರಶ್ನೆಗೆ ಪಂಜೆಯವರು ಕೊಟ್ಟ ಉತ್ತರ ಹುತ್ತರಿ ಹಾಡು. ಹೊಸ ಬೆಳೆಯನ್ನು ಮನೆಗೆ ತರುವ ಸುಗ್ಗಿಯ ಹಬ್ಬ ಕೊಡವರಿಗೆ ಪುತ್ತರಿ. ಕನ್ನಡದಲ್ಲಿ ಅದು ಹುತ್ತರಿ. ಪಕಾರ ಹಕಾರವಾಗುವ ಆ ಹಳೆಯ ಕಥೆ ಹಾಡಿನ ಹೆಸರಿನಲ್ಲಿಯೇ ಇದೆ. ಕೊಡಗಿನ ಬೆಟ್ಟ, ಕಾವೇರಿ, ವೀರರ ಪರಂಪರೆ, ಸುಗ್ಗಿಯ ಸಂಭ್ರಮಗಳನ್ನು ಕನ್ನಡದಲ್ಲಿ ಹಾಡಿದ ಆ ಪದ್ಯವನ್ನು ಕೊಡಗಿನವರು ತಮ್ಮ ನಾಡಗೀತೆಯೋ ಎಂಬಂತೆ ಸ್ವೀಕರಿಸಿದರು. ಶಾಲೆಯ ಭಾಷೆಯಲ್ಲಿ ತನ್ನ ಮನೆಯ ಹಬ್ಬವನ್ನು ಕಂಡ ಮಗುವಿಗೆ ಆ ಭಾಷೆಯನ್ನು ಪರಕೀಯವೆನ್ನಲು ಕಾರಣ ಉಳಿಯುವುದಿಲ್ಲ.

ತುಳುನಾಡಿನ ಮಕ್ಕಳಿಗೆ ಇದೇ ಗೌರವವನ್ನು ಸಲ್ಲಿಸಿದ ಕೃತಿ ಕೋಟಿ ಚೆನ್ನಯ. ತುಳು ಪಾಡ್ದನಗಳಲ್ಲಿ ಹಾಡಿಕೊಂಡು ಬಂದ, ಗರಡಿಗಳಲ್ಲಿ ಆರಾಧನೆಗೊಳ್ಳುವ ಅವಳಿ ವೀರರ ಕಥೆಯನ್ನು ಪಂಜೆಯವರು ಕನ್ನಡ ಗದ್ಯಕ್ಕೆ ತಂದರು. ಬಿಲ್ಲವರ ವೀರರು ಮಹಾಭಾರತದ ವೀರರ ಪಕ್ಕದಲ್ಲಿ ಶಾಲೆಯ ಓದಿಗೆ ಬಂದದ್ದು ಆ ಕಾಲದಲ್ಲಿ ಸಣ್ಣ ಸಂಗತಿಯಲ್ಲ. ಹೊಲೆಯನ ಹಾಡನ್ನು ಬರೆದು ಹುಟ್ಟಿನಿಂದ ಮೈಲಿಗೆಯನ್ನು ಅಳೆಯುವ ಸಮಾಜವನ್ನು ಪ್ರಶ್ನಿಸಿದ ಕವಿಗೆ, ಶಾಲೆಯ ಬಾಗಿಲಲ್ಲಿ ಭಾಷೆಯ ಭೇದವೂ ಜಾತಿಯ ಭೇದವೂ ಎಷ್ಟು ಹೆಣೆದುಕೊಂಡಿವೆಯೆಂಬುದರ ಅರಿವು ಇತ್ತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಪಾಡ್ದನವು ಕನ್ನಡಕ್ಕೆ ಬಂದಾಗ ಕನ್ನಡಕ್ಕೆ ಲಾಭವಾಯಿತು, ತುಳುವಿಗೆ ಆದದ್ದೇನು? ಪಂಜೆಯವರ ಕೀರ್ತಿಗೆ ಕಾರಣವಾದ ಬರವಣಿಗೆಯೆಲ್ಲ ಕನ್ನಡದ್ದೇ. ಮನೆಮಾತಿನಲ್ಲಿಯೇ ಪ್ರಾಥಮಿಕ ಶಿಕ್ಷಣವೆಂಬ ತತ್ತ್ವವನ್ನು ತುಳು, ಕೊಂಕಣಿ, ಕೊಡವಗಳಿಗೆ ಅನ್ವಯಿಸುವ ಆಲೋಚನೆ ಅವರ ಕೃತಿಗಳಲ್ಲಿ ಮುಂದಾಗಿ ಕಾಣುವುದಿಲ್ಲ. ಇಂದಿನ ಭಾಷಾಚಿಂತನೆಯ ದೃಷ್ಟಿಯಿಂದ ಇದು ಒಂದು ಮಿತಿ. ಕರ್ನಾಟಕದಲ್ಲಿ ತುಳು, ಕೊಂಕಣಿ, ಕೊಡವ ಸಾಹಿತ್ಯ ಅಕಾಡೆಮಿಗಳು ಸ್ಥಾಪಿತವಾದದ್ದು ಅವರು ಕಣ್ಮರೆಯಾಗಿ ಅರ್ಧ ಶತಮಾನ ಕಳೆದ ಮೇಲೆ. ಆದರೆ ಅವರ ಕಾಲದ ಸರ್ಕಾರಿ ಶಾಲೆಯ ಚೌಕಟ್ಟಿನಲ್ಲಿ ನಿಂತು ಯೋಚಿಸಿದರೆ, ಮನೆಮಾತನ್ನು ಹೊರಗಿಡುವ ಕನ್ನಡಕ್ಕೂ ಮನೆಮಾತಿನ ಬದುಕನ್ನು ಒಳಗೊಳ್ಳುವ ಕನ್ನಡಕ್ಕೂ ಇರುವ ಅಂತರವನ್ನು ಅವರು ತೋರಿಸಿಕೊಟ್ಟರೆಂಬುದನ್ನು ಅಲ್ಲಗಳೆಯಲಾಗದು.

1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯ ಗೌರವ ಪಂಜೆಯವರಿಗೆ ಸಂದಿತು. ರಾಯಚೂರು ಆಗ ನಿಜಾಮರ ಹೈದರಾಬಾದು ಸಂಸ್ಥಾನದ ಭಾಗ. ಉರ್ದು ಅಲ್ಲಿಯ ಆಡಳಿತ ಭಾಷೆ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯ ಮಾಧ್ಯಮವೂ ಅದೇ. ಕರಾವಳಿಯಲ್ಲಿ ತುಳುವ ಮಗು ಕನ್ನಡದೆದುರು ನಿಂತಂತೆ ಅಲ್ಲಿ ಕನ್ನಡದ ಮಗು ಉರ್ದುವಿನೆದುರು ನಿಂತಿತ್ತು. ಬೇರೆ ನುಡಿಯ ಮಕ್ಕಳಿಗೆ ಕನ್ನಡವನ್ನು ಪ್ರೀತಿಯಿಂದ ಕಲಿಸಿದ ಶಿಕ್ಷಕರೊಬ್ಬರು, ಕನ್ನಡವೇ ಶಾಲೆಯಲ್ಲಿ ಹಿಂದೆ ಸರಿದ ನಾಡಿನಲ್ಲಿ ಕನ್ನಡ ಸಮ್ಮೇಳನದ ಪೀಠವನ್ನೇರಿದ್ದು ಅರ್ಥಪೂರ್ಣವಾದ ಸನ್ನಿವೇಶ. ಮೂರು ವರ್ಷಗಳ ಬಳಿಕ, 1937ರ ಅಕ್ಟೋಬರ್ ತಿಂಗಳಲ್ಲಿ, ಅದೇ ಸಂಸ್ಥಾನದ ರಾಜಧಾನಿಯಾದ ಹೈದರಾಬಾದಿನಲ್ಲಿ ಅವರು ನಿಧನರಾದರು. ನೇತ್ರಾವತಿಯ ದಡದಲ್ಲಿ ಆರಂಭವಾದ ಜೀವನವು ಮೂಸಿಯ ದಡದಲ್ಲಿ ಮುಗಿಯಿತು.

ಪಂಜೆಯವರ ಕಾರ್ಯದ ಫಲ ಜಿಲ್ಲೆಯ ಗಡಿಯನ್ನು ದಾಟಿ ಹೋಯಿತು. ಜೀವನೋಪಾಯಕ್ಕಾಗಿ ಮುಂಬಯಿಗೆ ಬಂದ ಕರಾವಳಿಯ ಹುಡುಗರು ಹಗಲಿನಲ್ಲಿ ಹೋಟೆಲುಗಳಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದರು. ಅವರಲ್ಲಿ ಬಹುಮಂದಿಯ ಮನೆಮಾತು ತುಳು ಅಥವಾ ಕೊಂಕಣಿ. ಮರಾಠಿ, ಗುಜರಾತಿ, ಹಿಂದಿಗಳ ನಡುವೆ ಅವರು ಕನ್ನಡದ ರಾತ್ರಿಶಾಲೆ, ಸಂಘ, ಪತ್ರಿಕೆ, ಯಕ್ಷಗಾನ ಮಂಡಳಿಗಳನ್ನು ಕಟ್ಟಿದ್ದಕ್ಕೆ ಕಾರಣಗಳು ಹಲವು. ಊರಿನ ಪ್ರಾಥಮಿಕ ಶಾಲೆಯಲ್ಲಿ ಕನ್ನಡವು ಅವರಿಗೆ ಪ್ರಿಯವಾಗಿ ಒದಗಿತ್ತೆಂಬುದು ಅವುಗಳಲ್ಲೊಂದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ದಕ್ಷಿಣ ಕನ್ನಡದ ಒಂದು ತುಂಡೇ ಹೊರನಾಡಾಯಿತು.

ಹೊರನಾಡಿನ ಕನ್ನಡ ತರಗತಿಯಲ್ಲಿ ಇಂದು ಪರಿಸ್ಥಿತಿ ತಿರುಗಿ ನಿಂತಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಬೆಳೆಯುವ ಮಗುವಿಗೆ ಕನ್ನಡವು ಮನೆಯ ನುಡಿ, ಶಾಲೆಯ ನುಡಿ ಬೇರೆ. ಕೆಲವರಿಗೆ ಮನೆಯಲ್ಲಿಯೂ ಅದು ಅಜ್ಜ ಅಜ್ಜಿಯರ ಮಾತಾಗಿ ಮಾತ್ರ ಉಳಿದಿದೆ. ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇತ್ತೀಚಿನ ದಶಕಗಳಲ್ಲಿ ಕುಗ್ಗುತ್ತ ಬಂದಿವೆ. ಆ ಮಗುವಿಗೆ ಕನ್ನಡವನ್ನು ಕಲಿಸಲು ಹೊರಟವರು ಅದನ್ನು ಮಾತೃಭಾಷೆಯೆಂದು ಹೆಸರಿಸಿ, ಮಾತೃಭಾಷೆಯ ಪಾಠಕ್ರಮವನ್ನೇ ಮುಂದಿಡುವುದು ಸಾಮಾನ್ಯ. ತಿಳಿಯದ ಮಗುವಿಗೆ ಅದು ಲಜ್ಜೆಯನ್ನು ತರುತ್ತದೆಯೇ ಹೊರತು ಭಾಷೆಯನ್ನು ತರುವುದಿಲ್ಲ. ಪಂಜೆಯವರು ತಮ್ಮ ಮುಂದಿದ್ದ ಮಗುವಿಗೆ ಕನ್ನಡ ಬರುವುದೆಂದು ಭಾವಿಸಿಕೊಳ್ಳಲಿಲ್ಲ. ಬಾರದೆಂದು ಹೀಗಳೆಯಲೂ ಇಲ್ಲ. ಅದರ ಕಿವಿಯಲ್ಲಿ ಆಗಲೇ ಇದ್ದ ಸದ್ದಿನಿಂದ, ಅದರ ಮನೆಯಲ್ಲಿ ಆಗಲೇ ಇದ್ದ ಕಥೆಯಿಂದ, ಅದರ ಊರಿನ ಹಬ್ಬದಿಂದ ಪಾಠವನ್ನು ಆರಂಭಿಸಿದರು. ಅವರ ಹಾಡುಗಳು ಒಂದು ಶತಮಾನದ ಅನಂತರವೂ ಪಠ್ಯದಿಂದ ಜಾರಿ ಬಾಯಿಂದ ಬಾಯಿಗೆ ಉಳಿದುಬಂದಿರುವುದಕ್ಕೆ ಕಾರಣ ಇದೇ. ಹೊರನಾಡಿನ ಕನ್ನಡ ಶಿಕ್ಷಕರಿಗೆ ಅವರ ಸಮಗ್ರ ಬರವಣಿಗೆಯು ಭಾಷಾಬೋಧನೆಯ ಆಕರಗ್ರಂಥವಾಗಿಯೂ ಒದಗಬಲ್ಲುದು. ಆ ದೃಷ್ಟಿಯ ಅಧ್ಯಯನವು ಕನ್ನಡ ವಿಭಾಗಗಳಲ್ಲಿ ಇನ್ನು ಮೇಲಾದರೂ ನಡೆಯಬೇಕಾಗಿದೆ.